ಆಟಗಾರನಿಂದ ಸಹಾಯಕ ಕೋಚ್‌ವರೆಗೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ವೃತ್ತಿ ಕಟ್ಟಿಕೊಳ್ಳುವ ಬಗೆ

ಬಿಲ್ ಗತ್ರಿಜ್ ಅವರು ಡೀನ್ ಸ್ಮಿತ್ ಅವರ ಸಹಾಯಕ ಕೋಚ್ ಆಗಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೆ ಬಂದದ್ದು 1967ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಅವರು ಕ್ಯಾನ್ಸಾಸ್ ಸ್ಟೇಟ್ ತಂಡದಲ್ಲಿ ಟೆಕ್ಸ್ ವಿಂಟರ್ ಅವರ ಕೈಕೆಳಗೆ ಆಡಿದ್ದರು, ಬಳಿಕ ಅದೇ ವಿಂಟರ್ ಅವರ ಬಳಿ ಸಹಾಯಕರಾಗಿ ದುಡಿದಿದ್ದರು. ಆ ವಿಶ್ವವಿದ್ಯಾಲಯದ ಊರಾದ ಚಾಪೆಲ್ ಹಿಲ್‌ಗೆ ಬಂದ ಮೇಲೆ ಮೂವತ್ತು ವರ್ಷ ಅದೇ ಬೆಂಚು, ಅದೇ ಮುಖ್ಯ ಕೋಚ್. 1997ರಲ್ಲಿ ಸ್ಮಿತ್ ನಿವೃತ್ತರಾದಾಗ ಅರವತ್ತರ ಗತ್ರಿಜ್ ಮುಖ್ಯ ಕೋಚ್ ಆದರು. ಮೂರು ಋತುಗಳಲ್ಲಿ ಎರಡು ಬಾರಿ, 1998 ಮತ್ತು 2000ದಲ್ಲಿ, ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟವಾದ ಫೈನಲ್ ಫೋರ್‌ಗೆ ಒಯ್ದರು. ಆಟಗಾರರಾಗಿ ಒಂದು, ಕ್ಯಾನ್ಸಾಸ್ ಸ್ಟೇಟ್‌ನ ಸಹಾಯಕರಾಗಿ ಒಂದು, ನಾರ್ತ್ ಕ್ಯಾರೊಲೈನಾದ ಸಹಾಯಕರಾಗಿ ಹತ್ತು, ಮುಖ್ಯ ಕೋಚ್ ಆಗಿ ಎರಡು: ಒಟ್ಟು 14 ಫೈನಲ್ ಫೋರ್‌ಗಳನ್ನು ಅವರು ಕಂಡರು. ಅದರಲ್ಲಿ ಹನ್ನೊಂದನ್ನು ಸಹಾಯಕರ ಕುರ್ಚಿಯಲ್ಲಿ ಕುಳಿತು ಕಂಡರು.

ಈ ಮಾರ್ಗದರ್ಶಿಯನ್ನು ಬರೆಯಲು ಕಾರಣ ಆ ಹನ್ನೊಂದರ ಲೆಕ್ಕವೇ. ಸಹಾಯಕ ಕೋಚ್ ಹುದ್ದೆಯನ್ನು ಮುಖ್ಯ ಕೋಚ್ ಆಗುವ ಮೊದಲಿನ ತಂಗುದಾಣವೆಂದು ಭಾವಿಸಿ ಬರುವ ಯುವಕರು ಬಹಳ. ಅದೊಂದು ಸ್ವತಂತ್ರ ಕಸುಬು ಎಂದು ತಿಳಿದು ಬರುವವರು ಕಡಿಮೆ. ನನ್ನ ಅನುಭವದಲ್ಲಿ ಎರಡನೆಯ ಬಗೆಯವರೇ ಬೇಗ ಕೆಲಸ ಹಿಡಿಯುತ್ತಾರೆ ಮತ್ತು ಹಿಡಿದ ಕೆಲಸದಲ್ಲಿ ಉಳಿಯುತ್ತಾರೆ. ಬೆಂಗಳೂರಿನ ಬೀಗಲ್ಸ್, ಯಂಗ್ ಒರಿಯನ್ಸ್‌ನಂತಹ ಕ್ಲಬ್‌ಗಳಲ್ಲಿ ಆಡಿ ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೊರಟವರಿಗೂ, ಅಲ್ಲೇ ಹುಟ್ಟಿ ಬೆಳೆದು ಕಾಲೇಜು ತಂಡದಲ್ಲಿ ಆಡುತ್ತಿರುವ ಕನ್ನಡದ ಮನೆಯ ಮಕ್ಕಳಿಗೂ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ಮೊದಲು ಹುದ್ದೆಯ ಸ್ವರೂಪ ತಿಳಿಯಿರಿ

ನಮ್ಮ ದೇಶದಲ್ಲಿ ಕೋಚ್ ಆಗಬೇಕೆಂದರೆ ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ನೆನಪಾಗುತ್ತದೆ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು ಮೊದಲು ನೋಡಿಕೊಳ್ಳುವುದು ಅದನ್ನೇ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥ ಕಡ್ಡಾಯ ಪ್ರಮಾಣಪತ್ರ ಇಲ್ಲ. ಅಲ್ಲಿ ಕೇಳುವುದು ಮೂರು: ಪದವಿ ಇದೆಯೇ, ಯಾರ ಕೈಕೆಳಗೆ ಆಡಿದ್ದೀರಿ ಅಥವಾ ದುಡಿದಿದ್ದೀರಿ, ಯಾವ ಕೆಲಸವನ್ನು ಇನ್ನೊಬ್ಬರ ಸಹಾಯವಿಲ್ಲದೆ ಮುಗಿಸಬಲ್ಲಿರಿ.

ಕಾಲೇಜುಗಳು ಎನ್‌ಸಿಎಎ ಎಂಬ ಸಂಸ್ಥೆಯ ಅಡಿಯಲ್ಲಿ ಮೂರು ವಿಭಾಗಗಳಾಗಿ ಹಂಚಿಹೋಗಿವೆ. ಮೊದಲ ವಿಭಾಗದಲ್ಲಿ 350ಕ್ಕೂ ಹೆಚ್ಚು, ಮೂರನೆಯ ವಿಭಾಗದಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿವೆ. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಇವಲ್ಲದೆ ಎನ್‌ಎಐಎ ಎಂಬ ಬೇರೊಂದು ಒಕ್ಕೂಟವೂ, ಎರಡು ವರ್ಷದ ಜೂನಿಯರ್ ಕಾಲೇಜುಗಳ ಪ್ರತ್ಯೇಕ ವ್ಯವಸ್ಥೆಯೂ ಇವೆ. ಟಿವಿಯಲ್ಲಿ ಕಾಣುವ ಹತ್ತಿಪ್ಪತ್ತು ತಂಡಗಳಿಗಷ್ಟೇ ಅರ್ಜಿ ಕಳಿಸಿ ಉತ್ತರಕ್ಕಾಗಿ ಕಾಯುತ್ತಾ ವರ್ಷ ಕಳೆಯುವವರು, ಕೆಲಸ ಕಲಿಯುವ ಅವಕಾಶ ಹೆಚ್ಚಾಗಿರುವುದು ಚಿಕ್ಕ ಕಾಲೇಜುಗಳಲ್ಲಿ ಎಂಬುದನ್ನು ಮರೆಯುತ್ತಾರೆ.

ಮೊದಲ ವಿಭಾಗದಲ್ಲಿ ಬಹುಕಾಲ ಮುಖ್ಯ ಕೋಚ್ ಜೊತೆ ಮೂವರು ಸಹಾಯಕರಿಗಷ್ಟೇ ಅವಕಾಶವಿತ್ತು. 2023ರ ಜುಲೈನಿಂದ ಇನ್ನಿಬ್ಬರನ್ನು ಸೇರಿಸಿಕೊಳ್ಳಲು ಅನುಮತಿ ಸಿಕ್ಕಿತು; ಆದರೆ ಕ್ಯಾಂಪಸ್ಸಿನ ಹೊರಗೆ ಹೋಗಿ ಹೊಸ ಆಟಗಾರರನ್ನು ಹುಡುಕುವ ಅಧಿಕಾರವನ್ನು ಆಗ ಆ ಇಬ್ಬರಿಗೆ ಕೊಡಲಿಲ್ಲ. ಈ ಬದಲಾವಣೆಯ ಪ್ರಯೋಜನ ಹೆಚ್ಚಾಗಿ ಸಿಕ್ಕಿದ್ದು ಅಲ್ಲಿಯವರೆಗೆ ವಿಡಿಯೊ ಕೋಣೆಯಲ್ಲಿ, ಕಚೇರಿ ವ್ಯವಸ್ಥೆಯಲ್ಲಿ ದುಡಿಯುತ್ತಿದ್ದವರಿಗೆ. ಆಟಗಾರರಿಗೆ ಅಂಕಣದಲ್ಲಿ ಹೇಳಿಕೊಡುವ ಹಕ್ಕಿಲ್ಲದೆ ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕುಳಿತವರು ಅಂಕಣಕ್ಕೆ ಇಳಿಯುವಂತಾಯಿತು.

ಆಟವಾಡುವ ವರ್ಷಗಳಲ್ಲೇ ಮಾಡಿಕೊಳ್ಳಬೇಕಾದದ್ದು

ದೊಡ್ಡ ಆಟಗಾರನಾಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ ಎಂಬುದು ನಿಜ. ಜಾನ್ ಶೈಯರ್ 2010ರಲ್ಲಿ ಡ್ಯೂಕ್ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅದರ ಪ್ರಮುಖ ಆಟಗಾರರಲ್ಲಿ ಒಬ್ಬರಾಗಿದ್ದರು. ಕೆಲವೇ ವರ್ಷಗಳಲ್ಲಿ ಅದೇ ತಂಡದ ಸಹಾಯಕರಾದರು, 2022ರಲ್ಲಿ ಮುಖ್ಯ ಕೋಚ್ ಆದರು. ಹ್ಯೂಬರ್ಟ್ ಡೇವಿಸ್ ನಾರ್ತ್ ಕ್ಯಾರೊಲೈನಾಕ್ಕೆ ಆಡಿ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಹನ್ನೆರಡು ಋತು ಕಳೆದು, 2012ರಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯಕ್ಕೆ ಸಹಾಯಕರಾಗಿ ಮರಳಿದರು. ಆದರೆ ಇಂಥ ಹೆಸರು ಎಲ್ಲರಿಗೂ ಒದಗುವಂಥದ್ದಲ್ಲ, ಮತ್ತು ಅದಿಲ್ಲದೆ ಬಂದವರ ಸಾಲು ಚಿಕ್ಕದೇನಲ್ಲ.

ಶಾಕಾ ಸ್ಮಾರ್ಟ್ ಅವರ ದಾರಿಯನ್ನು ನೋಡಿ. ಅವರು ಆಡಿದ್ದು ಒಹಾಯೊದ ಕೆನ್ಯನ್ ಕಾಲೇಜಿನಲ್ಲಿ, ಮೂರನೆಯ ವಿಭಾಗದಲ್ಲಿ, ಚೆಂಡು ನಡೆಸಿ ಆಟ ಹೊಂದಿಸುವ ಪಾಯಿಂಟ್ ಗಾರ್ಡ್ ಆಗಿ. ಅವರನ್ನು ಅಲ್ಲಿಗೆ ಕರೆತಂದ ಕೋಚ್ ಬಿಲ್ ಬ್ರೌನ್ ಮುಂದೆ ಪೆನ್ಸಿಲ್ವೇನಿಯಾದ ಇನ್ನೊಂದು ಕಾಲೇಜಿಗೆ ಹೋದರು. 1999ರಲ್ಲಿ ಇತಿಹಾಸದ ಪದವಿ ಮುಗಿಸಿದ ಸ್ಮಾರ್ಟ್ ಅದೇ ಬ್ರೌನ್ ಅವರ ಬಳಿ ಸಹಾಯಕರಾಗಿ ಸೇರಿ, ಜೊತೆಯಲ್ಲೇ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಡೇಟನ್‌ನಲ್ಲಿ ತಂಡದ ವ್ಯವಸ್ಥಾಪನೆಯ ಕೆಲಸ, ಬಳಿಕ ಅಕ್ರನ್, ಕ್ಲೆಮ್ಸನ್, ಫ್ಲಾರಿಡಾಗಳಲ್ಲಿ ಸಹಾಯಕ ಹುದ್ದೆ. 2009ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್‌ನ ಮುಖ್ಯ ಕೋಚ್ ಆದ ಅವರು ಎರಡೇ ವರ್ಷಗಳಲ್ಲಿ ಆ ತಂಡವನ್ನು ಫೈನಲ್ ಫೋರ್‌ಗೆ ತಂದರು. ಈ ಕಥೆಯಲ್ಲಿ ಮೊದಲ ಕೆಲಸ ಸಿಕ್ಕಿದ ಬಗೆಯನ್ನು ಗುರುತಿಸಿ: ಆಟಗಾರನಾಗಿದ್ದಾಗ ಗಳಿಸಿದ ಒಬ್ಬ ಕೋಚ್‌ನ ನಂಬಿಕೆಯೇ ಅದಕ್ಕೆ ಬಂಡವಾಳವಾಯಿತು. ಕೋಚ್ ಬೇರೆ ಕಾಲೇಜಿಗೆ ಹೋದರೆಂದು ಸಂಬಂಧವನ್ನು ಕಡಿದುಕೊಳ್ಳಬೇಡಿ. ವರ್ಷಕ್ಕೆ ಎರಡು ಬಾರಿಯಾದರೂ ಪತ್ರ ಬರೆಯಿರಿ; ಕೆಲಸ ಬೇಕಾದಾಗ ಮಾತ್ರ ಬರೆಯುವವನ ಪತ್ರಕ್ಕೆ ತೂಕ ಕಡಿಮೆ.

ಇನ್ನೂ ಆಡುತ್ತಿರುವವರು ಮಾಡಬೇಕಾದ ಕೆಲಸ ದೊಡ್ಡದಲ್ಲ, ಆದರೆ ಪ್ರತಿದಿನ ಮಾಡಬೇಕಾದದ್ದು. ಅಭ್ಯಾಸ ಮುಗಿದ ರಾತ್ರಿ, ಆ ದಿನ ನಡೆಸಿದ ಪ್ರತಿ ಡ್ರಿಲ್‌ನ ಹೆಸರು, ಅದಕ್ಕೆ ಹಿಡಿದ ನಿಮಿಷ, ಕೋಚ್ ಅದನ್ನು ನಿಲ್ಲಿಸಿ ತಿದ್ದಿದ ಕಾರಣ ಇವುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ಋತು ಹೀಗೆ ಬರೆದರೆ ಒಬ್ಬ ಮುಖ್ಯ ಕೋಚ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಂಡವನ್ನು ಹೇಗೆ ಕಟ್ಟುತ್ತಾನೆ ಎಂಬ ಪೂರ್ಣ ಚಿತ್ರ ನಿಮ್ಮ ಕೈಯಲ್ಲಿರುತ್ತದೆ. ನಿಮ್ಮ ಸ್ಥಾನದ ಜವಾಬ್ದಾರಿಯಷ್ಟೇ ಅಲ್ಲ, ಐದೂ ಸ್ಥಾನಗಳ ಜವಾಬ್ದಾರಿಯನ್ನು ಕಲಿಯಿರಿ; ಸೆಟ್ ಒಂದರಲ್ಲಿ, ಅಂದರೆ ಮೊದಲೇ ಹೊಂದಿಸಿಕೊಂಡ ಆಟದ ನಡೆಯೊಂದರಲ್ಲಿ, ಯಾರು ಎಲ್ಲಿ ನಿಲ್ಲಬೇಕೆಂದು ಬಿಳಿ ಹಲಗೆಯ ಮೇಲೆ ನೋಡದೆ ಬಿಡಿಸಲು ಬಂದರೆ ಕಲಿತಂತೆ. ಗಾಯಗೊಂಡು ಹೊರಗೆ ಕುಳಿತ ವಾರಗಳು ಇದಕ್ಕೆ ಅತ್ಯುತ್ತಮ ಸಮಯ. ಆಗ ಸಹಾಯಕ ಕೋಚ್ ಪಕ್ಕದಲ್ಲಿ ಕುಳಿತು ಅಂಕಿ ಗುರುತು ಹಾಕಲು ನೀವೇ ಮುಂದಾಗಿ ಕೇಳಿಕೊಳ್ಳಿ.

ಮೊದಲ ಬಾಗಿಲು

ಪದವಿ ಓದುವಾಗ ತಂಡದ ವಿದ್ಯಾರ್ಥಿ ವ್ಯವಸ್ಥಾಪಕನಾಗಿ ಸೇರುವುದು ಒಂದು ದಾರಿ. ಚೆಂಡು ಒರೆಸುವುದು, ಬಟ್ಟೆ ಒಗೆಸುವುದು, ಶಾಟ್ ಅಭ್ಯಾಸಕ್ಕೆ ರೀಬೌಂಡ್ (ಬುಟ್ಟಿಗೆ ಬಡಿದು ಮರಳುವ ಚೆಂಡು) ಹಿಡಿದು ಕೊಡುವುದು ಇದರ ಮೇಲ್ನೋಟದ ಕೆಲಸಗಳು. ಅದರ ನಿಜವಾದ ಲಾಭವೆಂದರೆ ಕೋಚ್‌ಗಳ ಕೋಣೆಯ ಮಾತು ಕಿವಿಗೆ ಬೀಳುವುದು. ಫ್ರ್ಯಾಂಕ್ ವೋಗೆಲ್ ಜುನಿಯಾಟಾ ಎಂಬ ಮೂರನೆಯ ವಿಭಾಗದ ಕಾಲೇಜಿನಲ್ಲಿ ಆಡುತ್ತಿದ್ದವರು, ಅದನ್ನು ಬಿಟ್ಟು ಕೆಂಟಕಿಗೆ ಹೋಗಿ ರಿಕ್ ಪಿಟಿನೊ ಅವರ ತಂಡದ ವಿದ್ಯಾರ್ಥಿ ವ್ಯವಸ್ಥಾಪಕರಾದರು. ಮುಂದೆ ಎನ್‌ಬಿಎ ಪ್ರಶಸ್ತಿ ಗೆದ್ದ ತಂಡದ ಮುಖ್ಯ ಕೋಚ್ ಆದರು. ಮಹಿಳಾ ತಂಡಗಳ ಅಭ್ಯಾಸದಲ್ಲಿ ಎದುರಾಳಿಯಾಗಿ ಆಡಲು ಪುರುಷ ವಿದ್ಯಾರ್ಥಿಗಳನ್ನು ಕರೆಯುವ ರೂಢಿಯೂ ಅನೇಕ ಕಾಲೇಜುಗಳಲ್ಲಿದೆ. ಅರ್ಹತಾ ನಿಯಮಗಳು ಅನುವು ಮಾಡಿಕೊಟ್ಟರೆ, ಹೊರಗಿನಿಂದ ಬಂದ ಹುಡುಗನಿಗೆ ಕೋಚ್‌ಗಳ ಪರಿಚಯವಾಗಲು ಇದಕ್ಕಿಂತ ಸರಳ ದಾರಿ ನಾನು ಕಂಡಿಲ್ಲ.

ಎರಡನೆಯ ದಾರಿ ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಸ್ನಾತಕೋತ್ತರ ಪದವಿಗೆ ಸೇರಿ, ಶುಲ್ಕ ವಿನಾಯಿತಿ ಮತ್ತು ಸಣ್ಣದೊಂದು ಭತ್ಯೆಗೆ ಪ್ರತಿಯಾಗಿ ತಂಡಕ್ಕೆ ದುಡಿಯುವ ವ್ಯವಸ್ಥೆ ಇದು. ಭಾರತದಿಂದ ಹೋದವರು ಇಲ್ಲಿ ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿ ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಆದರೆ ಬ್ಯಾಸ್ಕೆಟ್‌ಬಾಲ್ ಕಚೇರಿಯಲ್ಲಿ ಕೆಲಸ ಇಪ್ಪತ್ತು ಗಂಟೆಗೆ ನಿಲ್ಲುವುದಿಲ್ಲ. ಒಪ್ಪಿಕೊಳ್ಳುವ ಮುನ್ನವೇ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸಂಭಾವಿತ ಮುಖ್ಯ ಕೋಚ್ ಇದಕ್ಕೆ ಬೇಸರಪಡುವುದಿಲ್ಲ.

ಮೂರನೆಯದು ಇದ್ದ ಕೆಲಸ ಬಿಟ್ಟು ಬರುವ ದಾರಿ. ಬ್ರ್ಯಾಡ್ ಸ್ಟೀವನ್ಸ್ ಡಿಪಾ ಕಾಲೇಜಿನಲ್ಲಿ ಆಡಿ, ಅರ್ಥಶಾಸ್ತ್ರ ಓದಿ, ಇಲೈ ಲಿಲಿ ಔಷಧ ಕಂಪನಿಯಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದರು. 2000ದಲ್ಲಿ ಅದನ್ನು ಬಿಟ್ಟು, ಸಂಬಳವಿಲ್ಲದಿದ್ದರೂ ಸರಿಯೆಂದು ಬಟ್ಲರ್ ವಿಶ್ವವಿದ್ಯಾಲಯದ ತಂಡಕ್ಕೆ ಬಂದರು; ಒಂದು ಆಡಳಿತ ಹುದ್ದೆ ತೆರವಾದಾಗ ಅದು ಅವರಿಗೆ ಸಿಕ್ಕಿತು, ಮರುವರ್ಷ ಪೂರ್ಣಾವಧಿ ಸಹಾಯಕರಾದರು. 2007ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮುಖ್ಯ ಕೋಚ್ ಆದ ಅವರು 2010 ಮತ್ತು 2011ರಲ್ಲಿ ಸತತವಾಗಿ ರಾಷ್ಟ್ರೀಯ ಫೈನಲ್‌ಗೆ ತಂಡವನ್ನು ಕೊಂಡೊಯ್ದರು. ಇದು ಉತ್ಸಾಹ ತುಂಬುವ ಕಥೆ, ಆದರೆ ಮನೆಯ ಸಾಲ ತೀರಿಸಬೇಕಾದವರು ಇದನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಒಂದು ವರ್ಷದ ಖರ್ಚು ಕೈಯಲ್ಲಿಲ್ಲದೆ ಸಂಬಳವಿಲ್ಲದ ಕೆಲಸಕ್ಕೆ ಹೋಗಬೇಡಿ ಎಂದೇ ನನ್ನ ಸಲಹೆ.

ಕೆಳಹಂತದ ಸಹಾಯಕರ ಸಂಬಳದ ಬಗ್ಗೆ ಒಂದು ಹಳೆಯ ಪ್ರಕರಣವನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. 1992ರಲ್ಲಿ ಜಾರಿಯಾದ ಎನ್‌ಸಿಎಎ ನಿಯಮವೊಂದು ಸಹಾಯಕರಲ್ಲಿ ಒಂದು ವರ್ಗವನ್ನು ‘ಸೀಮಿತ ಆದಾಯದ ಕೋಚ್’ ಎಂದು ಕರೆದು, ಅವರ ಗಳಿಕೆಯನ್ನು ಶೈಕ್ಷಣಿಕ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000 ಡಾಲರ್‌ಗೆ ಕಟ್ಟಿಹಾಕಿತ್ತು. ಖರ್ಚು ತಗ್ಗಿಸುವುದು ಅದರ ಉದ್ದೇಶ. ಆದರೆ ಆ ಭಾರವೆಲ್ಲ ಬಿದ್ದದ್ದು ಕಡಿಮೆ ಸಂಬಳದವರ ಮೇಲೆಯೇ. ಸಹಾಯಕ ಕೋಚ್‌ಗಳು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಇಂಥ ಮಿತಿ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಕೆಳಗಿನ ನ್ಯಾಯಾಲಯವೂ, 1998ರಲ್ಲಿ ಹತ್ತನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯವೂ ಹೇಳಿದವು. 1999ರಲ್ಲಿ ಎನ್‌ಸಿಎಎ 54.5 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇಂದು ನೀವು ಸಂಬಳದ ಬಗ್ಗೆ ಚೌಕಾಸಿ ಮಾಡಬಲ್ಲಿರಾದರೆ ಅದರ ಹಿಂದೆ ಆ ಸಹಾಯಕರ ಹೋರಾಟವಿದೆ.

ಸ್ಕೌಟ್ ವರದಿ ಬರೆಯಲು ಕಲಿಯುವುದು

ಸಹಾಯಕ ಕೋಚ್‌ನ ಕಸುಬು ಎಂದರೆ ಏನೆಂದು ಒಂದೇ ಮಾತಿನಲ್ಲಿ ಕೇಳಿದರೆ ನಾನು ಸ್ಕೌಟ್ ಎನ್ನುತ್ತೇನೆ, ಅಂದರೆ ಎದುರಾಳಿ ತಂಡವನ್ನು ಅಧ್ಯಯನ ಮಾಡಿ ವರದಿ ಕೊಡುವುದು. ಮುಂದಿನ ಎದುರಾಳಿಗಳನ್ನು ಸಹಾಯಕರು ಸರದಿಯಂತೆ ಹಂಚಿಕೊಳ್ಳುತ್ತಾರೆ. ‘ಈ ಸ್ಕೌಟ್ ನನ್ನದು’ ಎಂದರೆ ಆ ತಂಡದ ಬಗ್ಗೆ ಮುಖ್ಯ ಕೋಚ್ ಕೇಳುವ ಯಾವ ಪ್ರಶ್ನೆಗೂ ಉತ್ತರ ಹೇಳುವ ಹೊಣೆ ನನ್ನದು ಎಂದರ್ಥ. ಸಂದರ್ಶನಕ್ಕೆ ಹೋಗುವ ಮುನ್ನವೇ ಇದನ್ನು ಮಾಡಲು ಬರಬೇಕು, ಮತ್ತು ಇದನ್ನು ಮನೆಯಲ್ಲಿ ಕುಳಿತೇ ಕಲಿಯಬಹುದು.

ಎದುರಾಳಿಯ ಇತ್ತೀಚಿನ ನಾಲ್ಕು ಅಥವಾ ಐದು ಪಂದ್ಯಗಳ ವಿಡಿಯೊ ಆರಿಸಿ. ಎಲ್ಲವೂ ಇತ್ತೀಚಿನವೇ ಆಗಬೇಕೆಂದಿಲ್ಲ. ನಿಮ್ಮ ತಂಡದಂತೆಯೇ ಆಡುವ ತಂಡವೊಂದರ ವಿರುದ್ಧ ಅವರು ಆಡಿದ ಪಂದ್ಯ ಒಂದಾದರೂ ಇರಲಿ, ಏಕೆಂದರೆ ನಿಮ್ಮ ವಿರುದ್ಧ ಅವರು ಮಾಡಲಿರುವುದು ಅಲ್ಲಿ ಕಾಣುತ್ತದೆ. ಮೊದಲ ಪಂದ್ಯವನ್ನು ಎಲ್ಲೂ ನಿಲ್ಲಿಸದೆ, ಏನನ್ನೂ ಬರೆಯದೆ ನೋಡಿ. ಆಟದ ವೇಗ, ಮುಖ್ಯ ಕೋಚ್ ಯಾವಾಗ ಟೈಮ್‌ಔಟ್ ಕೇಳುತ್ತಾರೆ, ಹಿಂದೆ ಬಿದ್ದಾಗ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುವು ಹೀಗೆ ನೋಡಿದಾಗಲೇ ತಿಳಿಯುವುದು. ಎರಡನೆಯ ನೋಟದಲ್ಲಿ ಪ್ರತಿ ಸರದಿಯನ್ನೂ (ಚೆಂಡು ಒಂದು ತಂಡದ ಕೈಯಲ್ಲಿರುವಷ್ಟು ಹೊತ್ತಿನ ಆಟ) ನಿಲ್ಲಿಸಿ ಗುರುತಿಸಿ: ಯಾವ ರಚನೆಯಿಂದ ಆರಂಭವಾಯಿತು, ಯಾವ ಕೈಸನ್ನೆ ಅಥವಾ ಕೂಗಿನಿಂದ ಸೆಟ್ ಕರೆದರು, ಕೊನೆಗೆ ಶಾಟ್ ಯಾರದು. ಬೇಸ್‌ಲೈನ್‌ನಿಂದ ಚೆಂಡು ಒಳಹಾಕುವಾಗಿನ ಸೆಟ್‌ಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಕೊನೆಯ ಎರಡು ನಿಮಿಷಗಳ ಆಟವನ್ನು ಮತ್ತೊಂದರಲ್ಲಿ.

ಅಂಕಿಅಂಶಕ್ಕೆ ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಅವರು ಗುರುತಿಸಿದ ನಾಲ್ಕು ಅಂಶಗಳೇ ಸಾಕು: ಶಾಟ್‌ನ ಪರಿಣಾಮಕಾರಿ ಪ್ರಮಾಣ, ಚೆಂಡು ಕಳೆದುಕೊಳ್ಳುವ ಪ್ರಮಾಣ, ಆಕ್ರಮಣದ ರೀಬೌಂಡ್ (ತಮ್ಮದೇ ತಪ್ಪಿದ ಶಾಟ್‌ನ ಚೆಂಡನ್ನು ಮರಳಿ ಹಿಡಿಯುವುದು) ಪ್ರಮಾಣ, ಫ್ರೀ ಥ್ರೋ ಗಿಟ್ಟಿಸುವ ಪ್ರಮಾಣ. ಮೊದಲನೆಯದರಲ್ಲಿ ಮೂರಂಕದ ಶಾಟ್‌ಗೆ ಒಂದೂವರೆ ಪಟ್ಟು ಬೆಲೆ. ಹತ್ತು ಎರಡಂಕದ ಶಾಟ್‌ಗಳಲ್ಲಿ ಐದನ್ನು ಹಾಕಿದವನ ಪ್ರಮಾಣ ಶೇ 50. ಹತ್ತು ಮೂರಂಕದ ಶಾಟ್‌ಗಳಲ್ಲಿ ನಾಲ್ಕನ್ನೇ ಹಾಕಿದವನದು ಶೇ 60. ಬರಿಗಣ್ಣಿಗೆ ಮೊದಲನೆಯವನು ಚೆನ್ನಾಗಿ ಆಡಿದಂತೆ ಕಾಣುತ್ತಾನೆ, ಲೆಕ್ಕ ಬೇರೆಯದನ್ನೇ ಹೇಳುತ್ತದೆ. ತಂಡದ ಒಟ್ಟು ಸರದಿಗಳನ್ನು ಅಂದಾಜಿಸಲು ಶಾಟ್‌ಗಳ ಸಂಖ್ಯೆಯಿಂದ ಆಕ್ರಮಣದ ರೀಬೌಂಡ್ ಕಳೆದು, ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಫ್ರೀ ಥ್ರೋ ಸಂಖ್ಯೆಯನ್ನು 0.475ರಿಂದ ಗುಣಿಸಿ ಸೇರಿಸಬೇಕು. 60 ಶಾಟ್, 10 ಆಕ್ರಮಣದ ರೀಬೌಂಡ್, 12 ಕಳೆದುಕೊಂಡ ಚೆಂಡು, 20 ಫ್ರೀ ಥ್ರೋ ಇದ್ದರೆ 71.5 ಸರದಿಗಳಾಗುತ್ತವೆ, ಆ ತಂಡ 75 ಅಂಕ ಗಳಿಸಿದ್ದರೆ ನೂರು ಸರದಿಗೆ ಸುಮಾರು 105 ಅಂಕ. ನಿಧಾನವಾಗಿ ಆಡುವ ತಂಡವನ್ನೂ ಓಡಿ ಆಡುವ ತಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಈ ಲೆಕ್ಕ ಬೇಕು. ಕಾಲೇಜು ತಂಡಗಳ ಅಂಕಿಅಂಶ ಪ್ರಕಟಿಸುವ ಕೆನ್ ಪೊಮೆರಾಯ್ ಅವರ ಪಟ್ಟಿಗಳಲ್ಲಿ, ಸಿನರ್ಜಿಯಂತಹ ತಂತ್ರಾಂಶಗಳಲ್ಲಿ ಸಿದ್ಧ ಅಂಕಿಗಳು ಸಿಗುತ್ತವೆ, ಆದರೂ ಕೈಯಿಂದ ಒಮ್ಮೆ ಲೆಕ್ಕ ಹಾಕಿದವನಿಗೆ ಮಾತ್ರ ಅವುಗಳ ಅರ್ಥ ಒಳಗಿಳಿಯುತ್ತದೆ.

ಇನ್ನು ಬರವಣಿಗೆ. ನಾನು ಒಂದು ಚಿಕ್ಕ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಾಗ ಬರೆದ ಮೊದಲ ವರದಿ ಹದಿನಾಲ್ಕು ಪುಟವಿತ್ತು. ನಾಲ್ಕು ರಾತ್ರಿ ನಿದ್ದೆಗೆಟ್ಟು ಬರೆದದ್ದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮುಖ್ಯ ಕೋಚ್ ಅದನ್ನು ಓದಿ, ಆಟಗಾರರ ಕೈಗೆ ಕೊಡಬೇಕಾದದ್ದನ್ನು ಒಂದೇ ಪುಟದಲ್ಲಿ ಬರೆದು ತರುವಂತೆ ಹೇಳಿದರು. ಆ ಒಂದು ಪುಟ ಬರೆಯಲು ನನಗೆ ಐದನೆಯ ರಾತ್ರಿ ಹಿಡಿಯಿತು, ಮತ್ತು ನಾನು ಆ ವರ್ಷ ಕಲಿತದ್ದರಲ್ಲಿ ಹೆಚ್ಚಿನದು ಆ ಒಂದು ರಾತ್ರಿಯಲ್ಲಿ ಕಲಿತದ್ದು. ಹದಿನಾಲ್ಕು ಪುಟ ನಿಮ್ಮ ತಲೆಯಲ್ಲಿರಬೇಕು. ಹತ್ತೊಂಬತ್ತು ವರ್ಷದ ಹುಡುಗನ ಕೈಯಲ್ಲಿ ಒಂದು ಪುಟ ಸಾಕು. ಅದರಲ್ಲಿ ಗೆಲ್ಲಲು ಮಾಡಲೇಬೇಕಾದ ಮೂರು ಸಂಗತಿಗಳಿರಲಿ. ಕೆಳಗೆ ಎದುರಾಳಿಯ ಎಂಟು ಆಟಗಾರರ ಬಗ್ಗೆ ತಲಾ ಒಂದು ವಾಕ್ಯ: ಯಾವ ಕೈಯಿಂದ ಒಳನುಗ್ಗುತ್ತಾನೆ, ಒತ್ತಡ ಬಿದ್ದಾಗ ಏನು ಮಾಡುತ್ತಾನೆ, ಹೊರಗಿನಿಂದ ಎಸೆಯಲು ಬಿಡಬಹುದೇ. ‘ಒಳ್ಳೆಯ ಆಟಗಾರ’, ‘ಜಾಗರೂಕರಾಗಿರಿ’ ಎಂಬಂಥ ಮಾತುಗಳಿಂದ ಕಾವಲಿಗೆ ನಿಂತವನಿಗೆ ಏನೂ ತಿಳಿಯುವುದಿಲ್ಲ. ‘ಎಡಕ್ಕೆ ತಳ್ಳಿದರೆ ನಿಂತು ಎಸೆಯುತ್ತಾನೆ’ ಎಂದರೆ ತಿಳಿಯುತ್ತದೆ.

ಬಳಿಕ ಆಟಗಾರರ ಸಭೆ, ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಬೇಡ, ಒಬ್ಬ ಎದುರಾಳಿಗೆ ಮೂರು ತುಣುಕು ವಿಡಿಯೊ ಸಾಕು. ಆಮೇಲೆ ಅಂಕಣದಲ್ಲಿ ಎರಡನೆಯ ಸಾಲಿನ ಆಟಗಾರರಿಗೆ ಎದುರಾಳಿಯ ಸೆಟ್‌ಗಳನ್ನು ಕಲಿಸಿ, ಮುಖ್ಯ ಐವರ ವಿರುದ್ಧ ನಡಿಗೆಯ ವೇಗದಲ್ಲಿ ಆಡಿಸುವುದು. ಪಂದ್ಯದ ದಿನ ನಿಮ್ಮ ಕೆಲಸ ಕೇಳಿಸಿಕೊಳ್ಳುವುದು ಮತ್ತು ಕೂಗುವುದು: ಎದುರಾಳಿ ಕೋಚ್ ಸನ್ನೆ ಮಾಡಿದ ಕ್ಷಣ ನಿಮ್ಮ ಕಾವಲುಗಾರರಿಗೆ ಬರಲಿರುವ ಸೆಟ್ ಯಾವುದೆಂದು ತಿಳಿಯಬೇಕು. ಪಂದ್ಯ ಮುಗಿದ ಮರುದಿನ, ಗೆದ್ದಿದ್ದರೂ ಸೋತಿದ್ದರೂ, ನಿಮ್ಮ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ವಿಡಿಯೊ ನೋಡಿ ಯಾವ ವಾಕ್ಯ ನಿಜವಾಯಿತು, ಯಾವುದು ಹುಸಿಯಾಯಿತು ಎಂದು ಗುರುತು ಹಾಕಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರು ಹತ್ತು ವರ್ಷ ದುಡಿದರೂ ಮೊದಲ ವರ್ಷದ ವರದಿಯನ್ನೇ ಬರೆಯುತ್ತಿರುತ್ತಾರೆ.

ಒಬ್ಬೊಬ್ಬ ಆಟಗಾರನ ಜೊತೆಗಿನ ಕೆಲಸ

ಗತ್ರಿಜ್ ಅವರು ಎತ್ತರದ ಆಟಗಾರರನ್ನು ತಿದ್ದುವುದರಲ್ಲಿ, ಶಾಟ್‌ನ ದೋಷ ಹಿಡಿಯುವುದರಲ್ಲಿ ಹೆಸರಾಗಿದ್ದರು. ಹೀಗೆ ಒಂದು ವಿಷಯದಲ್ಲಿ ಇಡೀ ತಂಡ ನಿಮ್ಮ ಕಡೆ ನೋಡುವಂತಾಗಬೇಕು. ಗಾರ್ಡ್ ಆಗಿ ಆಡಿದವರು ಗಾರ್ಡ್‌ಗಳಿಗೆ ಕಲಿಸುವುದು ಸಹಜ, ಆದರೆ ಚಿಕ್ಕ ತಂಡಗಳಲ್ಲಿ ಪೋಸ್ಟ್ ಆಟ, ಅಂದರೆ ಬುಟ್ಟಿಯ ಹತ್ತಿರದ ಆಟ, ಕಲಿಸಬಲ್ಲವರ ಕೊರತೆ ಇರುವುದನ್ನು ಕಂಡಿದ್ದೇನೆ. ಅದನ್ನು ಕಲಿತುಕೊಂಡವರಿಗೆ ಬೇಡಿಕೆ ಇದೆ.

ಸಮಯದ ಮಿತಿಯನ್ನು ನೆನಪಿಡಿ. ಎನ್‌ಸಿಎಎ ನಿಯಮದಂತೆ ಋತುವಿನಲ್ಲಿ ಆಟಗಾರನಿಂದ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಚಟುವಟಿಕೆ ಮಾಡಿಸುವಂತಿಲ್ಲ, ವಾರಕ್ಕೊಂದು ದಿನ ಬಿಡುವು ಕೊಡಬೇಕು. ಋತುವಿನ ಹೊರಗೆ ತರಗತಿಗಳು ನಡೆಯುವಾಗ ವಾರಕ್ಕೆ 8 ಗಂಟೆಯ ಮಿತಿ. ಆದ್ದರಿಂದ ನಲವತ್ತು ನಿಮಿಷದ ವೈಯಕ್ತಿಕ ಅಭ್ಯಾಸಕ್ಕೂ ಬರೆದ ಯೋಜನೆ ಬೇಕು. ಒಂದು ಅವಧಿಗೆ ಒಂದೇ ದೋಷ ಆರಿಸಿಕೊಳ್ಳಿ. ಅದನ್ನು ಮೊದಲು ಆಟಗಾರನಿಗೆ ಅವನದೇ ಪಂದ್ಯದ ವಿಡಿಯೊದಲ್ಲಿ ತೋರಿಸಿ, ನಿಧಾನವಾಗಿ ಮಾಡಿಸಿ, ಆಮೇಲೆ ಎದುರಾಳಿಯನ್ನು ನಿಲ್ಲಿಸಿ ಪಂದ್ಯದ ವೇಗದಲ್ಲಿ ಮಾಡಿಸಿ, ಕೊನೆಗೆ ಸುಸ್ತಾದಾಗ ಫ್ರೀ ಥ್ರೋ ಹಾಕಿಸಿ. ಹಾಕಿದ್ದು ಎಷ್ಟು, ತಪ್ಪಿದ್ದು ಎಷ್ಟು ಎಂದು ಪ್ರತಿ ಬಾರಿ ಬರೆದಿಡಿ. ಮೂರು ತಿಂಗಳ ಬಳಿಕ ಆ ಹಾಳೆಯನ್ನು ಆಟಗಾರನ ಮುಂದಿಟ್ಟಾಗ ಅವನ ಮುಖದಲ್ಲಿ ಕಾಣುವ ಬೆಳಕೇ ಈ ವೃತ್ತಿಯಲ್ಲಿ ನನ್ನನ್ನು ಉಳಿಸಿದ್ದು.

ಆಟಗಾರರನ್ನು ಕರೆತರುವ ಕೆಲಸ

ಮುಖ್ಯ ಕೋಚ್‌ಗಳು ಸಹಾಯಕರನ್ನು ಆರಿಸುವಾಗ ಹೆಚ್ಚಾಗಿ ನೋಡುವುದು ಇದನ್ನೇ ಎಂಬುದು ಸತ್ಯ. ಮೊದಲ ವಿಭಾಗದಲ್ಲಿ ಕ್ಯಾಂಪಸ್ಸಿನ ಹೊರಗೆ ಆಟಗಾರರನ್ನು ಹುಡುಕಲು ಹೋಗುವ ಕೋಚ್ ನಿಯಮಗಳ ಪರೀಕ್ಷೆಯನ್ನು ಪಾಸು ಮಾಡಿರಬೇಕು. ವರ್ಷವನ್ನು ನಾಲ್ಕು ಬಗೆಯ ಅವಧಿಗಳಾಗಿ ವಿಂಗಡಿಸಿರುತ್ತಾರೆ: ಹೊರಗೆ ಹೋಗಿ ಆಟಗಾರನನ್ನೂ ಹೆತ್ತವರನ್ನೂ ಮುಖತಃ ಭೇಟಿಯಾಗಬಹುದಾದ ಅವಧಿ, ಆಟವನ್ನು ನೋಡಬಹುದು ಆದರೆ ಹೊರಗೆ ಭೇಟಿಯಾಗಿ ಮಾತಾಡುವಂತಿಲ್ಲದ ಅವಧಿ, ಕಾಲೇಜಿಗೆ ಅವರೇ ಬಂದರೆ ಮಾತ್ರ ಮಾತಾಡಬಹುದಾದ ಅವಧಿ, ಎಲ್ಲಿಯೂ ಮುಖತಃ ಭೇಟಿಯಾಗುವಂತಿಲ್ಲದ ಅವಧಿ. ಈ ದಿನಾಂಕಗಳು ನಿಮ್ಮ ಗೋಡೆಯ ಮೇಲಿರಲಿ. ಹೈಸ್ಕೂಲ್ ಆಟಗಾರನ ಓದಿನ ಲೆಕ್ಕವನ್ನೂ ನೀವೇ ಇಡಬೇಕು; ಮೊದಲ ವಿಭಾಗಕ್ಕೆ 16 ಮೂಲ ವಿಷಯಗಳು ಮುಗಿದಿರಬೇಕು, ಸರಾಸರಿ ಗ್ರೇಡ್ (4.0ರ ಮಾಪನದಲ್ಲಿ) 2.3ಕ್ಕಿಂತ ಕಡಿಮೆ ಇರಬಾರದು.

2018ರಲ್ಲಿ ಕಾಲೇಜು ಬದಲಿಸಬಯಸುವ ಆಟಗಾರರ ಆನ್‌ಲೈನ್ ಪಟ್ಟಿ ಬಂದ ಮೇಲೆ, 2021ರಲ್ಲಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದಾದ ಮೇಲೆ, ಈ ಕೆಲಸ ಬಹಳ ಬದಲಾಗಿದೆ. ಈಗ ಬೇರೆ ಕಾಲೇಜಿನಿಂದ ಬರುವ ಇಪ್ಪತ್ತೆರಡರ ಆಟಗಾರನನ್ನು ಕೆಲವೇ ದಿನಗಳಲ್ಲಿ ಅಳೆದು ನಿರ್ಧರಿಸಬೇಕಾಗುತ್ತದೆ. ಆದರೂ ಹಳೆಯ ಬಗೆಯ ತಾಳ್ಮೆಗೆ ಬೆಲೆ ಹೋಗಿಲ್ಲ. ಟಾಮಿ ಲಾಯ್ಡ್ ಅವರು ಆಸ್ಟ್ರೇಲಿಯ ಮತ್ತು ಜರ್ಮನಿಯಲ್ಲಿ ಆಡಿ ಬಂದವರು. ಗೊನ್‌ಜಾಗಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಫ್ಯೂ ಅವರ ಬಳಿ ಇಪ್ಪತ್ತು ವರ್ಷ ಸಹಾಯಕರಾಗಿದ್ದು, ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್, ಜಪಾನಿನ ರುಯಿ ಹಚಿಮುರಾ ಅವರಂಥವರನ್ನು ವಾಷಿಂಗ್ಟನ್ ರಾಜ್ಯದ ಒಂದು ಮೂಲೆಯ ಊರಿಗೆ ಕರೆತರುವಲ್ಲಿ ಮುಖ್ಯ ಪಾತ್ರ ವಹಿಸಿದರು. 2021ರಲ್ಲಿ ಅರಿಜೋನಾ ಅವರನ್ನು ಮುಖ್ಯ ಕೋಚ್ ಆಗಿ ಕರೆಯಿತು. ಇನ್ನೊಂದು ದೇಶದ ಆಟ, ಭಾಷೆ, ಮನೆಯ ರೀತಿ ತಿಳಿದಿರುವುದು ಒಂದು ಆಸ್ತಿ ಎಂಬುದಕ್ಕೆ ಇದು ಸಾಕ್ಷಿ. ಭಾರತದಿಂದ ಹೋದವರು ತಮ್ಮ ಹಿನ್ನೆಲೆಯನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ.

ಈ ಕೆಲಸದಲ್ಲಿ ಜಾರುವ ನೆಲವೂ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ತನಿಖೆಯೊಂದರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ನಾಲ್ವರು ಸಹಾಯಕ ಕೋಚ್‌ಗಳು ಬಂಧನಕ್ಕೊಳಗಾದರು. ಆಟಗಾರರನ್ನು ನಿರ್ದಿಷ್ಟ ಹಣಕಾಸು ಸಲಹೆಗಾರರ ಕಡೆ ತಿರುಗಿಸಲು ಲಂಚ ಪಡೆದದ್ದು ಆರೋಪವಾಗಿತ್ತು. ಆಟಗಾರ ನಿಮ್ಮನ್ನು ನಂಬುವುದರಿಂದಲೇ ನಿಮ್ಮ ಬಳಿ ಹಣ ಹಿಡಿದು ಬರುವವರಿರುತ್ತಾರೆ. ಅಂಥ ಮೊದಲ ಫೋನ್ ಕರೆ ಬಂದ ದಿನವೇ ಮುಖ್ಯ ಕೋಚ್‌ಗೂ ಕಾಲೇಜಿನ ನಿಯಮಪಾಲನಾ ಕಚೇರಿಗೂ ಬರೆದು ತಿಳಿಸಿ.

ಯಾವಾಗ ಹೋಗಬೇಕು, ಯಾವಾಗ ಉಳಿಯಬೇಕು

ಮುಖ್ಯ ಕೋಚ್ ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಸಹಾಯಕರೂ ಹೋಗುತ್ತಾರೆ. ಆದ್ದರಿಂದ ಒಪ್ಪಂದ ಎಷ್ಟು ವರ್ಷದ್ದು, ನಡುವೆ ಮುಗಿದರೆ ಎಷ್ಟು ತಿಂಗಳ ಸಂಬಳ, ಕುಟುಂಬದ ಆರೋಗ್ಯ ವಿಮೆ ಎಲ್ಲಿಯವರೆಗೆ ಎಂಬ ಮೂರನ್ನು ಸಹಿ ಹಾಕುವ ಮುನ್ನ ಕೇಳಿ. ಪ್ರತಿ ವರ್ಷ ಪುರುಷರ ಫೈನಲ್ ಫೋರ್ ನಡೆಯುವ ಊರಿನಲ್ಲೇ ಕೋಚ್‌ಗಳ ರಾಷ್ಟ್ರೀಯ ಸಂಘದ ಸಮಾವೇಶ ನಡೆಯುತ್ತದೆ. ಹೋಟೆಲಿನ ಮೊಗಸಾಲೆಯಲ್ಲಿ ನಡೆಯುವ ಮಾತುಕತೆಯಿಂದ ಅನೇಕರ ಮುಂದಿನ ಕೆಲಸ ನಿಶ್ಚಯವಾಗುತ್ತದೆ. ಮಹಿಳಾ ಕೋಚ್‌ಗಳ ಸಂಘ ಕೋಚ್ ಆಗಬಯಸುವ ಕಾಲೇಜು ಆಟಗಾರ್ತಿಯರಿಗೆಂದೇ ತನ್ನ ಸಮಾವೇಶದಲ್ಲಿ ಕಾರ್ಯಾಗಾರ ನಡೆಸುತ್ತದೆ. ಅರ್ಹರಾದ ಹೆಣ್ಣುಮಕ್ಕಳು ಅದಕ್ಕೆ ಅರ್ಜಿ ಹಾಕುವುದನ್ನು ತಪ್ಪಿಸಬಾರದು.

ಹೆಚ್ಚು ಸಂಬಳದ ಕರೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಅಲ್ಲಿ ಯಾವ ಹೊಸ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂಬುದು. ಟಾಮ್ ಇಜ್ಜೊ 1983ರಲ್ಲಿ ಮಿಷಿಗನ್ ಸ್ಟೇಟ್‌ಗೆ ಅರೆಕಾಲಿಕ ಸಹಾಯಕರಾಗಿ ಸೇರಿ, ಜಡ್ ಹೀತ್‌ಕೋಟ್ ಅವರ ಬಳಿ ದುಡಿದು, 1995ರಲ್ಲಿ ಮುಖ್ಯ ಕೋಚ್ ಆಗಿ, 2000ದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಕ್ರಿಸ್ ಡೈಲಿ ರಟ್ಗರ್ಸ್‌ನಲ್ಲಿ ಆಡಿ, 1985ರಲ್ಲಿ ಮುಖ್ಯ ಕೋಚ್ ಜೀನೋ ಆರಿಯೆಮಾ ಅವರೊಂದಿಗೆ ಕನೆಕ್ಟಿಕಟ್ ಮಹಿಳಾ ತಂಡಕ್ಕೆ ಬಂದವರು ದಶಕಗಳ ಕಾಲ ಅದೇ ಬೆಂಚಿನಲ್ಲಿ ಉಳಿದರು. ಮಹಿಳಾ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 2018ರಲ್ಲಿ ಅವರನ್ನು ಗೌರವಿಸಿತು. ಗತ್ರಿಜ್ ಅವರಿಗೆ 1978ರಲ್ಲಿ ಪೆನ್ ಸ್ಟೇಟ್‌ನ ಮುಖ್ಯ ಕೋಚ್ ಹುದ್ದೆ ಕೈಗೆಟುಕಿತ್ತು. ಅವರು ಅದನ್ನು ಬಿಟ್ಟು ಚಾಪೆಲ್ ಹಿಲ್‌ಗೆ ಮರಳಿದರು. ಆ ಬಳಿಕ 1982 ಮತ್ತು 1993ರ ಎರಡು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅವರ ಪಾಲಿತ್ತು.

ಸಂದರ್ಶನದ ಕರೆ ಬಂದರೆ ಮೂರು ವಸ್ತುಗಳನ್ನು ಒಯ್ಯಿರಿ. ಆ ಕಾಲೇಜು ಮುಂದಿನ ಋತುವಿನಲ್ಲಿ ಎದುರಿಸಲಿರುವ ಒಂದು ತಂಡದ ಒಂದು ಪುಟದ ಸ್ಕೌಟ್. ಅವರದೇ ತಂಡದ ಒಬ್ಬ ಆಟಗಾರನಿಗಾಗಿ, ಅವನ ಪಂದ್ಯಗಳನ್ನು ನೋಡಿ ಬರೆದ ನಲವತ್ತು ನಿಮಿಷದ ಅಭ್ಯಾಸ ಯೋಜನೆ. ಮತ್ತು ಆಡುವ ದಿನಗಳಲ್ಲಿ ರಾತ್ರಿ ಬರೆದಿಟ್ಟ ಆ ನೋಟ್‌ಬುಕ್. ಮೊದಲೆರಡನ್ನು ಮೇಜಿನ ಮೇಲಿಡಿ. ಮೂರನೆಯದನ್ನು ಅವರು ಕೇಳಿದಾಗ ತೆರೆಯಿರಿ.